ದಶಮಿಯ ಊಟದಿಂದ ದ್ವಾದಶಿಯ ಪಾರಣೆಯವರೆಗೆ: ದೇಹಾಂಗಗಳ ಒಂದು ಪಾಠ

ಪಕ್ಷಕ್ಕೊಮ್ಮೆ ಬರುವ ಹರಿದಿನದ ಮಹಿಮೆಯನ್ನು ನಮ್ಮ ವಾಚಕರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಊರು ಬಿಟ್ಟು ದೂರದ ನಗರಗಳಲ್ಲಿ ನೆಲೆಸಿದ ನಮ್ಮ ಕುಟುಂಬಗಳಲ್ಲಿ ಎಷ್ಟೋ ಆಚಾರಗಳು ಸಡಿಲವಾಗಿವೆ. ಆದರೂ ಏಕಾದಶಿಯ ಉಪವಾಸ ಮಾತ್ರ ಹಿರಿಯರಲ್ಲಿ ಇಂದಿಗೂ ದೃಢವಾಗಿ ಉಳಿದಿದೆ. ಅದು ಸಂತೋಷದ ಸಂಗತಿ. ಆದರೆ ಉಪವಾಸ ಮಾಡುವ ಈ ದೇಹದೊಳಗೆ ಏನೇನಿದೆ, ಆ ಹೊತ್ತಿನಲ್ಲಿ ಯಾವ ಅಂಗವು ಯಾವ ಕಾರ್ಯವನ್ನು ಮಾಡುತ್ತಿದೆ ಎಂಬುದನ್ನು ನಾವು ಬಹಳ ಮಂದಿ ವಿಚಾರಿಸಿದವರಲ್ಲ. ವಿಚಾರಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಕಣ್ಣೆದುರು ನಡೆದ ಒಂದು ಪ್ರಸಂಗವನ್ನು ಮೊದಲು ನಿವೇದಿಸುತ್ತೇವೆ.

ಕೆಲವು ವರ್ಷಗಳ ಹಿಂದೆ ಒಂದು ಏಕಾದಶಿಯ ಮಧ್ಯಾಹ್ನ ನಮ್ಮ ನೆರೆಮನೆಯ ವೃದ್ಧ ಮಾತೆಯೊಬ್ಬರು ದೇವರ ಮುಂದೆ ಕುಳಿತಲ್ಲೇ ಒರಗಿದರು. ಮೈಯೆಲ್ಲ ತಣ್ಣನೆಯ ಬೆವರು, ಕೈಗಳು ನಡುಗುತ್ತಿದ್ದವು. ಮನೆಯಲ್ಲಿದ್ದವನು ಕಾಲೇಜಿನಲ್ಲಿ ಓದುವ ಮೊಮ್ಮಗನೊಬ್ಬನೇ. ನಾವೂ ಅವನೂ ಕೂಡಿ ಅವರನ್ನು ಬೀದಿಯ ಕೊನೆಯಲ್ಲಿದ್ದ ವೈದ್ಯರ ಬಳಿಗೆ ಕರೆದೊಯ್ದೆವು. ನಾವು ಆಟೋದವನಿಗೆ ಹಣ ಕೊಟ್ಟು ಒಳಗೆ ಹೋಗುವಷ್ಟರಲ್ಲಿ ಅಜ್ಜಿಯವರು "ಹೊಟ್ಟೆ ತೊಳಸುತ್ತದೆ, ಎದೆ ಹಾರುತ್ತದೆ" ಎಂದು ಕ್ಷೀಣಸ್ವರದಲ್ಲಿ ಹೇಳಿದ್ದರು. ಕನ್ನಡವನ್ನು ಮನೆಯಲ್ಲಿ ಕೇಳಿ ಮಾತ್ರ ಬಲ್ಲ ಆ ಹುಡುಗನು ತೊಳಸುವುದನ್ನು ತೊಳೆಯುವುದೆಂದು ತಿಳಿದು, "ಹೊಟ್ಟೆಯನ್ನು ತೊಳೆಯಬೇಕೆಂದು ಅಜ್ಜಿ ಹೇಳುತ್ತಿದ್ದಾರೆ" ಎಂದು ಆ ಊರಿನ ಭಾಷೆಯಲ್ಲಿ ವೈದ್ಯರಿಗೆ ತಿಳಿಸಿದನು. ಹೊಟ್ಟೆಯನ್ನು ತೊಳೆಯುವುದು ವಿಷ ಸೇವಿಸಿದವರಿಗೆ. ವೈದ್ಯರು ಗಾಬರಿಯಾಗಿ, ಇವರು ಏನನ್ನು ನುಂಗಿದರೆಂದು ಮತ್ತೆ ಮತ್ತೆ ಕೇಳತೊಡಗಿದರು. "ಏನನ್ನೂ ನುಂಗಿಲ್ಲ, ಇಂದು ಏಕಾದಶಿ" ಎಂದು ನಾವು ವಿವರಿಸುವುದರಲ್ಲೇ ಹೊತ್ತು ಕಳೆಯಿತು. ಸೊಸೆಯಾದವರು ಕೆಲಸದಿಂದ ಓಡಿ ಬಂದು, ಅತ್ತೆಯವರು ಪ್ರತಿದಿನ ಬೆಳಿಗ್ಗೆ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ತೆಗೆದುಕೊಳ್ಳುತ್ತಾರೆಂದು ಹೇಳಿದ ಮೇಲೆಯೇ ಬೆರಳ ತುದಿಯ ರಕ್ತಪರೀಕ್ಷೆಯಾಯಿತು. ರಕ್ತದಲ್ಲಿ ಸಕ್ಕರೆಯು ಅಪಾಯಕರವಾಗಿ ಇಳಿದಿತ್ತು. ಶ್ರೀಹರಿಯ ದಯದಿಂದ ಅವರು ಚೇತರಿಸಿಕೊಂಡರು.

ಅನಂತರ ಅವರು ನಮ್ಮೊಡನೆ ಆಡಿದ ಮಾತು ಮುಖ್ಯವಾದುದು. "ಔಷಧದಿಂದ ವ್ರತ ಕೆಡುವುದಿಲ್ಲವೆಂದು ಶಾಸ್ತ್ರವಿದೆಯಲ್ಲವೇ? ಅದಕ್ಕೇ ಮಾತ್ರೆಯನ್ನು ಬಿಡಲಿಲ್ಲ, ಅನ್ನವನ್ನಷ್ಟೇ ಬಿಟ್ಟೆ" ಎಂದರು. ಶಾಸ್ತ್ರವಿರುವುದು ನಿಜ. ಆದರೆ ಆ ಮಾತ್ರೆಯು ದೇಹದಲ್ಲಿ ಮಾಡುವ ಕೆಲಸವೇನು ಎಂಬುದು ಅವರಿಗೆ ತಿಳಿದಿರಲಿಲ್ಲ. ಅವರ ಮಾತಿನ ಅರ್ಥ ಮೊಮ್ಮಗನಿಗೆ ತಿಳಿದಿರಲಿಲ್ಲ. ಈ ಎರಡು ಅಜ್ಞಾನಗಳ ನಡುವೆ ಒಂದು ಜೀವವು ತೂಗಾಡಿತು. ಆದಕಾರಣ ದಶಮಿಯ ಊಟದಿಂದ ದ್ವಾದಶಿಯ ಪಾರಣೆಯವರೆಗಿನ ಅವಧಿಯನ್ನೇ ದಾರಿಯಾಗಿ ಮಾಡಿಕೊಂಡು, ದೇಹಾಂಗಗಳ ಹೆಸರನ್ನೂ ಕಾರ್ಯವನ್ನೂ ಈ ಪಾಠದಲ್ಲಿ ಕ್ರಮವಾಗಿ ನೋಡೋಣ. ನಾವು ವೈದ್ಯರಲ್ಲ, ಶಬ್ದಗಳ ವಿದ್ಯಾರ್ಥಿಗಳು. ಚಿಕಿತ್ಸೆಯ ನಿರ್ಣಯವು ವೈದ್ಯರದು. ವ್ರತದ ನಿರ್ಣಯವು ಗುರುಗಳದು.

ಮೊದಲು ಶಬ್ದವಿಚಾರ

ಶಾಸ್ತ್ರಗ್ರಂಥಗಳಲ್ಲಿರುವ ಶಬ್ದವೂ ಇಂದಿನ ಕನ್ನಡ ಪಠ್ಯಪುಸ್ತಕದ ಶಬ್ದವೂ ಒಂದೇ ಆಗಿದ್ದ ಮಾತ್ರಕ್ಕೆ ಅರ್ಥವೂ ಒಂದೇ ಎಂದು ಭಾವಿಸಬಾರದು. ಸುಶ್ರುತಸಂಹಿತೆಯಲ್ಲಿ ಮಾಂಸಖಂಡಕ್ಕೆ ಪೇಶೀ ಎಂದು ಹೆಸರು. ಸ್ನಾಯು ಎಂದರೆ ಸಂಧಿಗಳನ್ನು ಕಟ್ಟಿಹಿಡಿಯುವ ಹುರಿಯಂತಹ ಭಾಗ. ಇಂದಿನ ಕನ್ನಡದಲ್ಲಾದರೋ ಸ್ನಾಯು ಎಂದರೆ ಮಾಂಸಖಂಡವೇ. ಹಾಗೆಯೇ ಮೂಳೆಗಳ ಸಂಖ್ಯೆಯು ಚರಕನ ಲೆಕ್ಕದಲ್ಲಿ ೩೬೦, ಸುಶ್ರುತನ ಲೆಕ್ಕದಲ್ಲಿ ೩೦೦, ಇಂದಿನ ಲೆಕ್ಕದಲ್ಲಿ ವಯಸ್ಕರಿಗೆ ೨೦೬. ಇದನ್ನು ಕಂಡು ಪ್ರಾಚೀನರನ್ನು ಹಳಿಯಬೇಕಾಗಿಲ್ಲ. ಚರಕನು ಹಲ್ಲುಗಳನ್ನೂ ಉಗುರುಗಳನ್ನೂ ಮೂಳೆಗಳ ಜೊತೆಗೇ ಎಣಿಸಿದ್ದಾನೆ. ಎಣಿಸುವ ಕ್ರಮ ಬೇರೆಯಾದರೆ ಸಂಖ್ಯೆಯೂ ಬೇರೆಯಾಗುತ್ತದೆ.

ಮನೆಮಾತಿನಲ್ಲಿಯೂ ಒಂದು ಎಚ್ಚರ ಬೇಕು. ಎದೆಯ ಕೆಳಗಿನಿಂದ ಸೊಂಟದವರೆಗಿನ ಎಲ್ಲವನ್ನೂ ನಾವು ಹೊಟ್ಟೆ ಎಂದೇ ಕರೆಯುತ್ತೇವೆ. ಈ ಇಡೀ ಪ್ರದೇಶಕ್ಕೆ ಉದರ ಎಂದು ಹೆಸರು. ಉಂಡ ಅನ್ನವು ಹೋಗಿ ನಿಲ್ಲುವ ಚೀಲಕ್ಕೆ ಜಠರ ಎಂದು ಹೆಸರು. ಉದರದೊಳಗೆ ಜಠರವಲ್ಲದೆ ಕರುಳು, ಯಕೃತ್ತು, ಪ್ಲೀಹ, ಮೂತ್ರಪಿಂಡ ಮುಂತಾದ ಅನೇಕ ಅಂಗಗಳಿವೆ. ಆದ್ದರಿಂದ ವೈದ್ಯರ ಮುಂದೆ "ಹೊಟ್ಟೆನೋವು" ಎಂದಷ್ಟೇ ಹೇಳದೆ, ಬೆರಳಿಟ್ಟು ತೋರಿಸಿ ಇಂತಹ ಸ್ಥಳದಲ್ಲಿ ಎಂದು ಹೇಳುವುದು ಒಳ್ಳೆಯದು.

ದಶಮಿಯ ಮಧ್ಯಾಹ್ನ: ಜೀರ್ಣಾಂಗವ್ಯೂಹ

ದಶಮಿಯಂದು ಒಪ್ಪೊತ್ತಿನ ಊಟ. ಹನ್ನೆರಡು ಗಂಟೆಗೆ ಊಟ ಮಾಡಿ ಎದ್ದೆವೆಂದು ಇಟ್ಟುಕೊಳ್ಳೋಣ. ದ್ವಾದಶಿಯ ಬೆಳಗಿನ ಆರು ಗಂಟೆಗೆ ಪಾರಣೆಯಾದರೆ ನಡುವಿನ ಅವಧಿಯು ೪೨ ಗಂಟೆ. ದೇಹವು ಈ ೪೨ ಗಂಟೆಗಳನ್ನು ಹೇಗೆ ದಾಟುತ್ತದೆ ಎಂಬುದೇ ನಮ್ಮ ಪಾಠ.

ಜೀರ್ಣಕಾರ್ಯವು ಬಾಯಿಯಲ್ಲಿಯೇ ಆರಂಭವಾಗುತ್ತದೆ. ಮೂರು ಜೊತೆ ದೊಡ್ಡ ಲಾಲಾಗ್ರಂಥಿಗಳಿಂದ ಬರುವ ಜೊಲ್ಲು ಅನ್ನದಲ್ಲಿರುವ ಪಿಷ್ಟವನ್ನು ಒಡೆಯತೊಡಗುತ್ತದೆ. ಅನ್ನವನ್ನು ಅಗಿಯುತ್ತಿದ್ದರೆ ಕ್ರಮೇಣ ಸಿಹಿಯಾಗುವುದು ಇದರಿಂದಲೇ. ಮಕ್ಕಳು ಇದನ್ನು ಮಾಡಿ ನೋಡಬಹುದು. ಅಲ್ಲಿಂದ ತುತ್ತು ಅನ್ನನಾಳಕ್ಕೆ ಇಳಿಯುತ್ತದೆ. ಅದು ಸುಮಾರು ಒಂದು ಗೇಣುದ್ದದ ಸ್ನಾಯುಮಯವಾದ ಕೊಳವೆ. ಎದೆಗೂ ಉದರಕ್ಕೂ ನಡುವೆ ಛತ್ರಿಯಂತೆ ಹರಡಿರುವ ವಪೆ ಎಂಬ ಸ್ನಾಯುವನ್ನು ತೂರಿಕೊಂಡು ಅದು ಜಠರವನ್ನು ಸೇರುತ್ತದೆ. ಜಠರವಿರುವುದು ಉದರದ ಮೇಲ್ಭಾಗದಲ್ಲಿ, ಎಡಕ್ಕೆ. ಇಲ್ಲಿ ತೀಕ್ಷ್ಣವಾದ ಆಮ್ಲವು ಸ್ರವಿಸುತ್ತದೆ. ಅನ್ನವು ಕಡೆಯಲ್ಪಟ್ಟು ಗಂಜಿಯಂತಾಗುತ್ತದೆ. ಸಾಮಾನ್ಯವಾದ ಊಟವು ಜಠರವನ್ನು ಬಿಟ್ಟುಹೋಗಲು ಎರಡರಿಂದ ನಾಲ್ಕು ಗಂಟೆ ಬೇಕು. ತುಪ್ಪ, ಎಣ್ಣೆ ಹೆಚ್ಚಾದರೆ ಇನ್ನೂ ತಡ.

ಮುಂದಿನದು ಸಣ್ಣಕರುಳು. ಹೆಸರು ಸಣ್ಣದಾದರೂ ಉದ್ದವು ಸುಮಾರು ೬ ಮೀಟರ್. ಸಣ್ಣದೆಂಬುದು ಅದರ ಸುತ್ತಳತೆಗೆ ಸಲ್ಲುವ ಮಾತು. ದೊಡ್ಡಕರುಳು ಸುಮಾರು ಒಂದೂವರೆ ಮೀಟರ್ ಮಾತ್ರ. ಸಣ್ಣಕರುಳಿನ ಮೊದಲ ಭಾಗಕ್ಕೆ ಎರಡು ಕಡೆಯಿಂದ ರಸಗಳು ಬಂದು ಬೀಳುತ್ತವೆ. ಯಕೃತ್ತಿನಲ್ಲಿ ಹುಟ್ಟಿ ಪಿತ್ತಕೋಶದಲ್ಲಿ ಸಂಗ್ರಹವಾಗುವ ಪಿತ್ತರಸವು ಒಂದು. ಜಠರದ ಹಿಂಬದಿಯಲ್ಲಿ ಅಡಗಿರುವ ಮೇದೋಜೀರಕ ಗ್ರಂಥಿಯ ರಸವು ಇನ್ನೊಂದು. ಪಿತ್ತಕೋಶವೆಂಬ ಒಂದೇ ಮಾತನ್ನು ಯಕೃತ್ತಿಗೂ ಅದರ ಕೆಳಗಿನ ಪುಟ್ಟ ಚೀಲಕ್ಕೂ ಬಳಸುವವರುಂಟು. ಅದು ಗೊಂದಲಕ್ಕೆ ಕಾರಣ. ಪಿತ್ತವನ್ನು ಹುಟ್ಟಿಸುವುದು ಯಕೃತ್ತು. ಅದಕ್ಕೆ ಪಿತ್ತಜನಕಾಂಗ ಎಂದೂ ಹೆಸರು. ಪಿತ್ತವನ್ನು ಕೂಡಿಡುವುದು ಪಿತ್ತಕೋಶ. ಕಲ್ಲುಗಳಾಗುವುದು ಸಾಮಾನ್ಯವಾಗಿ ಈ ಚೀಲದಲ್ಲಿ.

ಈ ರಸಗಳ ಬಲದಿಂದ ಪಿಷ್ಟವು ಸಕ್ಕರೆಯಾಗಿ, ಬೇಳೆಯ ಸಾರವು ಅಮೈನೋ ಆಮ್ಲಗಳಾಗಿ, ತುಪ್ಪವು ಕೊಬ್ಬಿನ ಆಮ್ಲಗಳಾಗಿ ಒಡೆಯುತ್ತವೆ. ಭಗವದ್ಗೀತೆಯ ಹದಿನೈದನೆಯ ಅಧ್ಯಾಯದಲ್ಲಿ ಶ್ರೀಕೃಷ್ಣನು ತಾನೇ ವೈಶ್ವಾನರರೂಪದಿಂದ ಪ್ರಾಣಿಗಳ ದೇಹದಲ್ಲಿದ್ದು ನಾಲ್ಕು ವಿಧದ ಅನ್ನವನ್ನು ಪಚನ ಮಾಡುವುದಾಗಿ ಹೇಳಿರುವುದು ಸರ್ವವಿದಿತ. ನಾವು ಎಣಿಸಿದ ಗ್ರಂಥಿಗಳೂ ರಸಗಳೂ ಉಪಕರಣಗಳು. ಉಪಕರಣವನ್ನು ತಿಳಿಯುವುದರಿಂದ ಕರ್ತೃವಿನ ಮಹಿಮೆಗೆ ಕೊರತೆಯಿಲ್ಲ.

ದಶಮಿಯ ರಾತ್ರಿ: ಯಕೃತ್ತೆಂಬ ಉಗ್ರಾಣ

ಕರುಳಿನಿಂದ ಹೀರಲ್ಪಟ್ಟ ಸಕ್ಕರೆಯು ನೇರವಾಗಿ ಎಲ್ಲ ಅಂಗಗಳಿಗೂ ಹೋಗುವುದಿಲ್ಲ. ಒಂದು ವಿಶೇಷವಾದ ರಕ್ತನಾಳವು ಅದನ್ನು ಮೊದಲು ಯಕೃತ್ತಿಗೆ ಒಯ್ಯುತ್ತದೆ. ರೈಲ್ವೆಯಲ್ಲಿ ಆಯುಷ್ಯವನ್ನು ಸವೆಸಿದ ನಮಗೆ ಇದು ಗೂಡ್ಸ್ ಯಾರ್ಡಿನಂತೆ ತೋರುತ್ತದೆ. ಬಂದ ಸರಕೆಲ್ಲ ಮೊದಲು ಇಲ್ಲಿ ನಿಂತು, ವಿಂಗಡಣೆಯಾಗಿ, ಬೇಡಿಕೆಯಿದ್ದೆಡೆಗೆ ಹೊರಡುತ್ತದೆ. ಉದರದ ಬಲಮೇಲ್ಭಾಗದಲ್ಲಿ, ಪಕ್ಕೆಲುಬುಗಳ ಮರೆಯಲ್ಲಿರುವ ಈ ಅಂಗದ ತೂಕವು ಸುಮಾರು ಒಂದೂವರೆ ಕಿಲೋಗ್ರಾಂ. ಹೆಚ್ಚಾದ ಸಕ್ಕರೆಯನ್ನು ಇದು ಗ್ಲೈಕೋಜೆನ್ ಎಂಬ ರೂಪದಲ್ಲಿ ಸುಮಾರು ೧೦೦ ಗ್ರಾಂ ವರೆಗೆ ಕೂಡಿಡುತ್ತದೆ.

ಕೂಡಿಡು, ಬಿಡು ಎಂಬ ಆಜ್ಞೆಗಳನ್ನು ಕೊಡುವುದು ಮೇದೋಜೀರಕ ಗ್ರಂಥಿ. ಅದರಲ್ಲಿ ಹುಟ್ಟುವ ಇನ್ಸುಲಿನ್ ಎಂಬ ದ್ರವ್ಯವು ರಕ್ತದಲ್ಲಿರುವ ಸಕ್ಕರೆಯನ್ನು ಅಂಗಗಳೊಳಗೆ ಸೇರಿಸಿ ರಕ್ತದಲ್ಲಿ ಅದನ್ನು ತಗ್ಗಿಸುತ್ತದೆ. ಗ್ಲುಕಗಾನ್ ಎಂಬ ಇನ್ನೊಂದು ದ್ರವ್ಯವು ಯಕೃತ್ತಿನ ಉಗ್ರಾಣವನ್ನು ತೆರೆಯಿಸಿ ರಕ್ತಕ್ಕೆ ಸಕ್ಕರೆಯನ್ನು ಬಿಡಿಸುತ್ತದೆ. ಆರೋಗ್ಯವಂತರಲ್ಲಿ ಉಪವಾಸದ ಕಾಲದಲ್ಲಿ ಒಂದು ಡೆಸಿಲೀಟರ್ ರಕ್ತಕ್ಕೆ ೭೦ರಿಂದ ೧೦೦ ಮಿಲಿಗ್ರಾಂ ಸಕ್ಕರೆಯಿರುತ್ತದೆ. ದಶಮಿಯ ರಾತ್ರಿ ನಾವು ಮಲಗಿರುವಾಗ ಇನ್ಸುಲಿನ್ ತಗ್ಗುತ್ತದೆ, ಗ್ಲುಕಗಾನ್ ಏರುತ್ತದೆ. ಉಗ್ರಾಣದ ಬಾಗಿಲು ತೆರೆದು ಸಕ್ಕರೆಯು ಹದವಾಗಿ ಹರಿಯುತ್ತದೆ.

ಈಗ ಆ ವೃದ್ಧ ಮಾತೆಯವರ ಮಾತ್ರೆಯನ್ನು ನೆನೆಯೋಣ. ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳು ಮೇದೋಜೀರಕ ಗ್ರಂಥಿಯನ್ನು ಒತ್ತಾಯಿಸಿ ಇನ್ಸುಲಿನನ್ನು ಹೊರಡಿಸುತ್ತವೆ. ಉಂಡವರಿಗೆ ಅದು ಹಿತ. ಉಣ್ಣದವರಲ್ಲಿ ಅದೇ ಮಾತ್ರೆಯು, ಸರಕು ಬಾರದ ದಿನದಲ್ಲಿ ಉಗ್ರಾಣಕ್ಕೂ ಬೀಗ ಹಾಕಿದಂತೆ. ರಕ್ತದ ಸಕ್ಕರೆಯು ಇಳಿಯುತ್ತಲೇ ಹೋಗುತ್ತದೆ. ಅವರಿಗೆ ಆದದ್ದು ಇಷ್ಟೇ.

ಏಕಾದಶಿಯ ಪ್ರಾತಃಕಾಲ: ಹೃದಯ, ಶ್ವಾಸಕೋಶ

ಪ್ರಾತಃಕಾಲದಲ್ಲಿ ಎದ್ದು, ಸ್ನಾನ ಮಾಡಿ, ಪ್ರಾಣಾಯಾಮಕ್ಕೆ ಕುಳಿತಾಗ ನಾವು ಎರಡು ವ್ಯೂಹಗಳನ್ನು ಸ್ವತಃ ಅನುಭವಿಸಬಹುದು. ಮೂಗಿನಿಂದ ಒಳಹೊಕ್ಕ ಗಾಳಿಯು ಗಂಟಲಿನ ಮೂಲಕ ಶ್ವಾಸನಾಳಕ್ಕೆ ಇಳಿಯುತ್ತದೆ. ಶ್ವಾಸನಾಳವು ಎರಡಾಗಿ ಕವಲೊಡೆದು ಎರಡು ಶ್ವಾಸಕೋಶಗಳನ್ನು ಸೇರುತ್ತದೆ. ಬಲಗಡೆಯದಕ್ಕೆ ಮೂರು ಹಾಲೆಗಳು, ಎಡಗಡೆಯದಕ್ಕೆ ಎರಡು. ಎಡಗಡೆಯಲ್ಲಿ ಹೃದಯಕ್ಕೆ ಎಡೆಬಿಡಬೇಕಲ್ಲವೇ? ಕವಲು ಕವಲಾಗಿ ಹೋದ ನಾಳಗಳ ತುದಿಯಲ್ಲಿ ವಾಯುಕೋಶಗಳೆಂಬ ಸೂಕ್ಷ್ಮ ಬುಡ್ಡೆಗಳಿವೆ. ಅವುಗಳ ಸಂಖ್ಯೆ ಸುಮಾರು ೩೦ ಕೋಟಿಗೂ ಹೆಚ್ಚು. ವಪೆಯು ಕೆಳಗಿಳಿದಾಗ ಎದೆಗೂಡು ಹಿಗ್ಗಿ ಗಾಳಿ ಒಳಬರುತ್ತದೆ: ಅದು ಪೂರಕ. ವಪೆಯು ಮೇಲೇರಿದಾಗ ಗಾಳಿ ಹೊರಹೋಗುತ್ತದೆ: ಅದು ರೇಚಕ.

ವಿಶ್ರಾಂತಿಯಲ್ಲಿರುವ ವಯಸ್ಕರು ನಿಮಿಷಕ್ಕೆ ೧೨ರಿಂದ ೨೦ ಬಾರಿ ಉಸಿರಾಡುತ್ತಾರೆ. ನಿಮಿಷಕ್ಕೆ ೧೫ ಎಂದು ಹಿಡಿದರೆ ಅಹೋರಾತ್ರದಲ್ಲಿ ೨೧,೬೦೦ ಆಗುತ್ತದೆ. ಮುಖ್ಯಪ್ರಾಣದೇವರು ಜೀವರ ದೇಹದಲ್ಲಿದ್ದು ದಿನವೊಂದಕ್ಕೆ ೨೧,೬೦೦ ಹಂಸಮಂತ್ರಜಪವನ್ನು ಮಾಡುವರೆಂದು ಹಿರಿಯರಿಂದ ಕೇಳಿದ ನಮಗೆ ಈ ಸಂಖ್ಯೆಯು ಪರಿಚಿತವೇ ಆಗಿದೆ. ಶಾಸ್ತ್ರಕ್ಕೆ ಆಸ್ಪತ್ರೆಯ ಪ್ರಮಾಣಪತ್ರ ಬೇಕಾಗಿಲ್ಲ; ಆದರೂ ಗುಣಾಕಾರವನ್ನು ಮನೆಯ ಮಕ್ಕಳಿಂದ ಮಾಡಿಸಿದರೆ ಅವರು ಎರಡನ್ನೂ ನೆನಪಿಡುತ್ತಾರೆ.

ಹೃದಯವು ಮುಷ್ಟಿಯಷ್ಟು ಗಾತ್ರದ ಸ್ನಾಯು. ಎದೆಯ ನಡುವೆ, ತುದಿಯು ಎಡಕ್ಕೆ ವಾಲಿದೆ. ಮೇಲಿನ ಎರಡು ಕೋಣೆಗಳು ಹೃತ್ಕರ್ಣಗಳು, ಕೆಳಗಿನ ಎರಡು ಹೃತ್ಕುಕ್ಷಿಗಳು. ನಡುವಿನ ಕವಾಟಗಳು ರಕ್ತವು ಹಿಂದಿರುಗದಂತೆ ತಡೆಯುತ್ತವೆ. ಬಲಭಾಗವು ರಕ್ತವನ್ನು ಶ್ವಾಸಕೋಶಗಳಿಗೆ ಕಳುಹಿಸುತ್ತದೆ. ಎಡಭಾಗವು ಆಮ್ಲಜನಕವನ್ನು ಪಡೆದು ಬಂದ ರಕ್ತವನ್ನು ಇಡೀ ದೇಹಕ್ಕೆ ಕಳುಹಿಸುತ್ತದೆ. ಹೃದಯದಿಂದ ಹೊರಡುವ ನಾಳವು ಅಪಧಮನಿ, ಹೃದಯಕ್ಕೆ ಮರಳುವ ನಾಳವು ಅಭಿಧಮನಿ, ಇವೆರಡನ್ನು ಕೂಡಿಸುವ ಕೂದಲಿನಂತಹ ಸೂಕ್ಷ್ಮನಾಳಗಳು ಲೋಮನಾಳಗಳು. ಅಪಧಮನಿಯಲ್ಲಿರುವುದು ಶುದ್ಧರಕ್ತ, ಅಭಿಧಮನಿಯಲ್ಲಿರುವುದು ಅಶುದ್ಧರಕ್ತ ಎಂದು ಬಾಯಿಪಾಠ ಮಾಡಿದವರು ತಿದ್ದಿಕೊಳ್ಳಬೇಕು: ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ಅಪಧಮನಿಯಲ್ಲಿ ಆಮ್ಲಜನಕ ಕಡಿಮೆಯಾದ ರಕ್ತವೇ ಇರುತ್ತದೆ. ಹೆಸರು ದಿಕ್ಕಿನಿಂದ ಬಂದುದು, ಶುದ್ಧಿಯಿಂದ ಬಂದುದಲ್ಲ. ನಿಮಿಷಕ್ಕೆ ೭೨ ಬಡಿತದಂತೆ ಹೃದಯವು ದಿನಕ್ಕೆ ಒಂದು ಲಕ್ಷಕ್ಕೂ ಮೀರಿ ಬಡಿಯುತ್ತದೆ. ನಿಮಿಷಕ್ಕೆ ಸುಮಾರು ೫ ಲೀಟರ್ ರಕ್ತವನ್ನು ನೂಕುತ್ತದೆ.

ಇಲ್ಲೊಂದು ಎಚ್ಚರಿಕೆ. ಬರಿಹೊಟ್ಟೆಯಲ್ಲಿ ಎದೆಯ ಕೆಳಗೆ ಉರಿಯುವುದುಂಟು. ಅದು ಆಮ್ಲದಿಂದ ಆದುದಿರಬಹುದು. ಆದರೆ ಎದೆಯ ನಡುವೆ ಹಿಂಡಿದಂತೆ ಭಾರ, ಅದು ಎಡತೋಳಿಗೋ ದವಡೆಗೋ ಬೆನ್ನಿಗೋ ಹರಡುವುದು, ಬೆವರು, ಏದುಸಿರು ಕಂಡರೆ "ಉಪವಾಸದ ಉರಿ, ಪಾರಣೆಯಾದರೆ ಹೋದೀತು" ಎಂದು ಕಾಯಲಾಗದು. ಹೃದಯಕ್ಕೇ ರಕ್ತವನ್ನು ಕೊಡುವ ಅಪಧಮನಿಯು ಕಟ್ಟಿಕೊಂಡಿರಬಹುದು. ಮಧುಮೇಹಿಗಳಲ್ಲಿಯೂ ಸ್ತ್ರೀಯರಲ್ಲಿಯೂ ಕೆಲವೊಮ್ಮೆ ನೋವಿಲ್ಲದೆ ಬರಿಯ ಸುಸ್ತು, ಓಕರಿಕೆಗಳಷ್ಟೇ ಕಾಣುವುದುಂಟು. ಒಡನೆಯೇ ಆಸ್ಪತ್ರೆಗೆ ಹೋಗಬೇಕು.

ಏಕಾದಶಿಯ ಅಪರಾಹ್ಣ: ಮೂತ್ರಪಿಂಡಗಳು

ನಿರ್ಜಲವಾಗಿ ಆಚರಿಸುವವರ ದೇಹದಲ್ಲಿ ಈಗ ಹೆಚ್ಚು ಎಚ್ಚರದಿಂದ ದುಡಿಯುತ್ತಿರುವವು ಮೂತ್ರಪಿಂಡಗಳು. ಸಂಸ್ಕೃತದಲ್ಲಿ ಇವುಗಳಿಗೆ ವೃಕ್ಕ ಎಂದು ಹೆಸರು. ಉದರದ ಹಿಂಗೋಡೆಯಲ್ಲಿ, ಬೆನ್ನುಮೂಳೆಯ ಎರಡು ಕಡೆಗಳಲ್ಲಿ, ಅವರೆಕಾಳಿನ ಆಕಾರದಲ್ಲಿ ಇವೆ. ಒಂದೊಂದರಲ್ಲಿಯೂ ಸುಮಾರು ೧೦ ಲಕ್ಷ ಸೂಕ್ಷ್ಮ ಶೋಧಕಗಳಿವೆ. ಅವಕ್ಕೆ ನೆಫ್ರಾನ್ ಎಂದು ಹೆಸರು. ಇವು ದಿನಕ್ಕೆ ಸುಮಾರು ೧೮೦ ಲೀಟರ್ ದ್ರವವನ್ನು ರಕ್ತದಿಂದ ಸೋಸಿ, ಅದರಲ್ಲಿ ಬಹುಪಾಲನ್ನು ರಕ್ತಕ್ಕೇ ಮರಳಿಸಿ, ಒಂದರಿಂದ ಎರಡು ಲೀಟರನ್ನು ಮಾತ್ರ ಮೂತ್ರವಾಗಿ ಬಿಡುತ್ತವೆ. ಆ ಮೂತ್ರವು ಮೂತ್ರನಾಳಗಳ ಮೂಲಕ ಮೂತ್ರಕೋಶಕ್ಕೆ ಇಳಿಯುತ್ತದೆ. ಮೂತ್ರಪಿಂಡವು ಸೋಸುವ ಅಂಗ, ಮೂತ್ರಕೋಶವು ಕೂಡಿಡುವ ಚೀಲ. ಈ ಎರಡನ್ನು ಬೆರೆಸಬಾರದು.

ನೀರು ಕುಡಿಯದ ದಿನ ಮಿದುಳಿನಿಂದ ಒಂದು ಆಜ್ಞೆ ಬರುತ್ತದೆ: ನೀರನ್ನು ಉಳಿಸು. ಮೂತ್ರಪಿಂಡಗಳು ಮೂತ್ರವನ್ನು ಮಂದಗೊಳಿಸುತ್ತವೆ. ಸಂಜೆಗೆ ಮೂತ್ರವು ಗಾಢವರ್ಣಕ್ಕೆ ತಿರುಗುವುದು ಇದರ ಗುರುತು. ಆದರೂ ಉಸಿರು, ಚರ್ಮಗಳಿಂದ ನಮಗರಿವಿಲ್ಲದೆ ನೀರು ಹೋಗುತ್ತಲೇ ಇರುತ್ತದೆ. ದೆಹಲಿಯ ಜ್ಯೇಷ್ಠಮಾಸದ ಬಿಸಿಯಲ್ಲಿ ಅಥವಾ ಚೆನ್ನೈನ ಸೆಕೆಯಲ್ಲಿ ಹೋಗುವ ನೀರು ಊರಿನ ತಂಪು ಮನೆಯಲ್ಲಿ ಕುಳಿತಾಗ ಹೋಗುತ್ತಿದ್ದುದಕ್ಕಿಂತ ಹೆಚ್ಚು. ಊರಿನಲ್ಲಿ ಹಿರಿಯರು ಹರಿದಿನದಂದು ಹೊರಗಿನ ಕೆಲಸವನ್ನು ಕಡಿಮೆ ಮಾಡುತ್ತಿದ್ದರು. ನಾವಾದರೋ ಅಂದೂ ಲೋಕಲ್ ರೈಲನ್ನೋ ಬಸ್ಸನ್ನೋ ಹಿಡಿದು ಓಡುತ್ತೇವೆ. ರಕ್ತದೊತ್ತಡಕ್ಕಾಗಿ ಮೂತ್ರವನ್ನು ಹೆಚ್ಚಿಸುವ ಮಾತ್ರೆಯನ್ನು ತೆಗೆದುಕೊಳ್ಳುವವರು, ಮೂತ್ರಪಿಂಡದ ಕಾಯಿಲೆಯಿರುವವರು, ಕಲ್ಲಿನ ಬಾಧೆಯಿದ್ದವರು ನಿರ್ಜಲವಾಗಿರುವ ಮೊದಲು ವೈದ್ಯರನ್ನು ಕೇಳಲೇಬೇಕು.

ಏಕಾದಶಿಯ ರಾತ್ರಿ: ಮಿದುಳು, ನರಮಂಡಲ

ಇಪ್ಪತ್ತನಾಲ್ಕು ಗಂಟೆಗಳು ಕಳೆಯುವ ಹೊತ್ತಿಗೆ ಯಕೃತ್ತಿನ ಗ್ಲೈಕೋಜೆನ್ ಬಹುಮಟ್ಟಿಗೆ ಮುಗಿದಿರುತ್ತದೆ. ಆದರೆ ಮಿದುಳಿಗೆ ಸಕ್ಕರೆಯಿಲ್ಲದೆ ನಡೆಯದು. ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲಿನಷ್ಟಿರುವ ಮಿದುಳು, ವಿಶ್ರಾಂತಿಯ ಹೊತ್ತಿನಲ್ಲಿ ದೇಹವು ಬಳಸುವ ಶಕ್ತಿಯಲ್ಲಿ ನೂರಕ್ಕೆ ಇಪ್ಪತ್ತನ್ನು ಬಳಸುತ್ತದೆ. ಆಗ ಯಕೃತ್ತು ಅಮೈನೋ ಆಮ್ಲ ಮುಂತಾದವುಗಳಿಂದ ಹೊಸ ಸಕ್ಕರೆಯನ್ನು ಮಾಡುತ್ತದೆ. ಇನ್ನೊಂದೆಡೆ ಚರ್ಮದ ಕೆಳಗಿನ ಕೊಬ್ಬು ಕರಗಿ, ಯಕೃತ್ತಿನಲ್ಲಿ ಕೀಟೋನ್ ಎಂಬ ಇಂಧನವಾಗಿ ಮಾರ್ಪಟ್ಟು ಮಿದುಳಿಗೂ ಹೃದಯಕ್ಕೂ ಒದಗುತ್ತದೆ. ಆರೋಗ್ಯವಂತರು ರಾತ್ರಿ ಜಾಗರಣೆ ಮಾಡಿ ಭಜನೆಯಲ್ಲಿ ಕುಳಿತರೂ ಕುಸಿಯದಿರುವುದು ಈ ಏರ್ಪಾಡಿನಿಂದ.

ಮಿದುಳಿನಿಂದ ಬೆನ್ನುಮೂಳೆಯೊಳಗೆ ಇಳಿಯುವ ಹುರಿಗೆ ಮಿದುಳುಬಳ್ಳಿ ಎಂದು ಹೆಸರು. ಇವೆರಡರಿಂದ ಕವಲೊಡೆದು ದೇಹವನ್ನೆಲ್ಲ ವ್ಯಾಪಿಸುವವು ನರಗಳು. ಮನೆಮಾತಿನಲ್ಲಿ ಕೈಮೇಲೆ ಉಬ್ಬಿ ಕಾಣುವ ನೀಲಿಯ ನಾಳವನ್ನೂ ನರ ಎನ್ನುತ್ತೇವೆ. ಅದು ರಕ್ತನಾಳವೇ ಹೊರತು ನರವಲ್ಲ.

ಸಕ್ಕರೆಯು ೭೦ಕ್ಕಿಂತ ಕೆಳಗಿಳಿದರೆ ದೇಹವು ಮೊದಲು ಕೂಗುತ್ತದೆ: ಕೈನಡುಕ, ತಣ್ಣನೆಯ ಬೆವರು, ಎದೆ ಹಾರುವುದು, ಹೊಟ್ಟೆ ತೊಳಸುವುದು. ಕೇಳದಿದ್ದರೆ ಮಿದುಳೇ ಸೋಲುತ್ತದೆ: ಕಣ್ಣು ಮಂಜಾಗುವುದು, ಮಾತು ತೊದಲುವುದು, ಕಾರಣವಿಲ್ಲದ ಸಿಟ್ಟು, ಗೊಂದಲ, ಕೊನೆಗೆ ಎಚ್ಚರ ತಪ್ಪುವುದು. ಎಚ್ಚರವಿರುವಾಗಲೇ ಮೂರು ಚಮಚ ಸಕ್ಕರೆಯನ್ನೋ ಗ್ಲೂಕೋಸ್ ಪುಡಿಯನ್ನೋ ನೀರಿನಲ್ಲಿ ಕದಡಿ ಕುಡಿಸಬೇಕು; ಹದಿನೈದು ನಿಮಿಷದ ಮೇಲೆ ಮತ್ತೆ ಪರೀಕ್ಷಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ತೀರ್ಥವನ್ನೂ ಹಾಕಲಾಗದು. ಅದು ಶ್ವಾಸನಾಳಕ್ಕೆ ಇಳಿದೀತು. ಮಗ್ಗುಲಾಗಿ ಮಲಗಿಸಿ ಆಸ್ಪತ್ರೆಗೆ ಒಯ್ಯಬೇಕು.

ದ್ವಾದಶಿಯ ಪ್ರಾತಃಕಾಲ: ಪಾರಣೆ

೪೨ ಗಂಟೆಗಳ ವಿಶ್ರಾಂತಿಯ ಅನಂತರ ಜಠರಕ್ಕೆ ಮತ್ತೆ ಅನ್ನವು ಬರುತ್ತದೆ. ಚಾತುರ್ಮಾಸ್ಯದ ಕಟ್ಟಳೆಗಳಿಲ್ಲದ ಕಾಲದಲ್ಲಿ ಅಗಸೆ ಸೊಪ್ಪು, ನೆಲ್ಲಿಕಾಯಿಗಳನ್ನು ಮಾಡಿ ಹುಣಸೆಹಣ್ಣನ್ನು ಬಿಡುವ ಪದ್ಧತಿ ನಮ್ಮಲ್ಲಿದೆ. ಪಾರಣೆಯಲ್ಲಿ ಅವಸರದಿಂದ ಹೊಟ್ಟೆ ಬಿರಿಯುವಂತೆ ಉಣ್ಣದೆ ಮಿತವಾಗಿ ಉಣ್ಣುವುದು ಕ್ಷೇಮ. ಮಧುಮೇಹಿಗಳಲ್ಲಿ ಒಮ್ಮೆಲೇ ತುಂಬಿದ ಅನ್ನದಿಂದ ರಕ್ತದ ಸಕ್ಕರೆಯು ವಿಪರೀತವಾಗಿ ಏರುವುದುಂಟು. ಇಳಿತವೊಂದೇ ಅಲ್ಲ, ಏರಿಕೆಯೂ ಅಪಾಯವೇ.

ವ್ರತ, ಔಷಧ, ವಿವೇಕ

ಮಹಾಭಾರತದ ಉದ್ಯೋಗಪರ್ವದಲ್ಲಿ ವಿದುರನು ವ್ರತವನ್ನು ಕೆಡಿಸದಿರುವ ಎಂಟನ್ನು ಎಣಿಸಿದ್ದಾನೆ: ನೀರು, ಗೆಡ್ಡೆ, ಹಣ್ಣು, ಹಾಲು, ಹವಿಸ್ಸು, ಬ್ರಾಹ್ಮಣನ ಇಚ್ಛೆ, ಗುರುವಿನ ಮಾತು, ಔಷಧ. ಎಂಟು ವರ್ಷ ದಾಟದ ಬಾಲರಿಗೂ ಎಂಭತ್ತು ಮುಟ್ಟಿದ ವೃದ್ಧರಿಗೂ ಏಕಾದಶಿಯ ನಿರ್ಬಂಧವಿಲ್ಲವೆಂದೂ, ಅಶಕ್ತರಿಗೆ ಅನುಕಲ್ಪವುಂಟೆಂದೂ ಸ್ಮೃತಿವಚನಗಳಿವೆ. ಶ್ರೀಮದಾಚಾರ್ಯರು ಕೃಷ್ಣಾಮೃತಮಹಾರ್ಣವದಲ್ಲಿ ಹರಿದಿನದ ಮಹತ್ತ್ವವನ್ನು ವಿಸ್ತಾರವಾಗಿ ಪ್ರತಿಪಾದಿಸಿದ್ದಾರೆ. ಅದನ್ನು ಸಡಿಲಗೊಳಿಸುವ ಉದ್ದೇಶ ನಮಗೆ ಲೇಶವೂ ಇಲ್ಲ. ನಾವು ಹೇಳುವುದು ಇಷ್ಟೇ: ಔಷಧವನ್ನು ಸೇವಿಸಲು ಅನುಮತಿಯಿದೆಯೆಂದು ಒಂದನ್ನು ಮಾತ್ರ ಹಿಡಿದು, ಆ ಔಷಧವು ಬೇಡುವ ಆಹಾರವನ್ನು ಬಿಡುವುದು ಅರ್ಧಶಾಸ್ತ್ರ. ಇನ್ಸುಲಿನ್ ಚುಚ್ಚಿಕೊಳ್ಳುವವರು, ಇನ್ಸುಲಿನನ್ನು ಹೊರಡಿಸುವ ಮಾತ್ರೆಯವರು, ಮೂತ್ರದ ಮೂಲಕ ಸಕ್ಕರೆಯನ್ನು ಹೊರಹಾಕುವ ಹೊಸ ಬಗೆಯ ಮಾತ್ರೆಯವರು ಏಕಾದಶಿಯ ದಿನ ಮಾತ್ರೆಯ ಚೀಟಿಯನ್ನು ಹುಡುಕಬಾರದು. ದಶಮಿಗೂ ಮುಂಚೆಯೇ ವೈದ್ಯರಿಗೆ ತೋರಿಸಿ, ಆ ದಿನ ಯಾವುದನ್ನು ತೆಗೆದುಕೊಳ್ಳಬೇಕು, ಎಷ್ಟು, ಯಾವುದನ್ನು ಬಿಡಬೇಕು ಎಂಬುದನ್ನು ಬರೆಸಿಕೊಳ್ಳಬೇಕು. ಅನಂತರ ತಮ್ಮ ಮಠದ ಗುರುಗಳಲ್ಲಿ ವಿಜ್ಞಾಪಿಸಿ ತಮಗೆ ವಿಹಿತವಾದ ಅನುಕಲ್ಪವನ್ನು ಪಡೆಯಬೇಕು. ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದೂ ತಪ್ಪೇ. ಬೆರಳ ತುದಿಯಿಂದ ಒಂದು ಹನಿ ರಕ್ತವನ್ನು ತೆಗೆದು ಪರೀಕ್ಷಿಸುವುದು ಭೋಜನವಲ್ಲ, ಅದಕ್ಕೆ ಹಿಂಜರಿಯಬೇಕಾಗಿಲ್ಲ.

ನಗರದ ಭಾಷೆಗಳಲ್ಲಿ

ಹಿರಿಯರು ಕನ್ನಡದಲ್ಲಿ ಹೇಳಿದ್ದನ್ನು ಮಕ್ಕಳು ಊರಭಾಷೆಗೆ ತಿರುಗಿಸಬೇಕಾದ ನಮ್ಮ ಮನೆಗಳಿಗೆ ಕೆಲವು ಶಬ್ದಗಳು ಉಪಯುಕ್ತ. ಯಕೃತ್ತು ಮರಾಠಿಯಲ್ಲಿ ಯಕೃತ, ಹಿಂದಿಯ ಆಡುಮಾತಿನಲ್ಲಿ ಜಿಗರ್, ತೆಲುಗಿನಲ್ಲಿ ಕಾಲೇಯಂ, ತಮಿಳಿನಲ್ಲಿ ಕಲ್ಲೀರಲ್. ಶ್ವಾಸಕೋಶವು ಮರಾಠಿಯಲ್ಲಿ ಫುಪ್ಫುಸ, ಹಿಂದಿಯಲ್ಲಿ ಫೇಫಡಾ, ತೆಲುಗಿನಲ್ಲಿ ಊಪಿರಿತಿತ್ತಿ, ತಮಿಳಿನಲ್ಲಿ ನುರೈಯೀರಲ್. ತಮಿಳಿನ ನುರೈ ನಮ್ಮ ನೊರೆಯೇ. ನೊರೆಯಂತೆ ಹಗುರವಾದ ಅಂಗಕ್ಕೆ ಎಷ್ಟು ಸಾರ್ಥಕವಾದ ಹೆಸರು! ಮೂತ್ರಪಿಂಡಕ್ಕೆ ಮರಾಠಿ, ತೆಲುಗುಗಳಲ್ಲಿ ಅದೇ ಶಬ್ದವಿದೆ; ಹಿಂದಿಯಲ್ಲಿ ಗುರ್ದಾ, ತಮಿಳಿನಲ್ಲಿ ಸಿರುನೀರಗಂ.

ಮನೆಯ ಅಭ್ಯಾಸಕ್ಕೆ

ಮುಂದಿನ ದಶಮಿಯ ಸಂಜೆ ಮನೆಯ ಹಿರಿಯರೂ ಕಿರಿಯರೂ ಒಟ್ಟಿಗೆ ಕುಳಿತು ಈ ಕೆಳಗಿನವನ್ನು ಕೇಳಿಕೊಳ್ಳಬೇಕೆಂದು ವಿನಂತಿಸುತ್ತೇವೆ.

೧. ಉದರಕ್ಕೂ ಜಠರಕ್ಕೂ ಭೇದವೇನು? ಪಿತ್ತಜನಕಾಂಗಕ್ಕೂ ಪಿತ್ತಕೋಶಕ್ಕೂ?
೨. ಅಪಧಮನಿ, ಅಭಿಧಮನಿಗಳ ಭೇದವು ಯಾವುದರಿಂದ?
೩. ಇನ್ಸುಲಿನ್, ಗ್ಲುಕಗಾನ್‌ಗಳಲ್ಲಿ ಯಕೃತ್ತಿನ ಉಗ್ರಾಣವನ್ನು ತೆರೆಯಿಸುವುದು ಯಾವುದು?
೪. ಹೊಟ್ಟೆ ತೊಳಸುವುದು, ಎದೆ ಹಾರುವುದು, ಕಣ್ಣು ಕತ್ತಲೆ ಬರುವುದು, ಮೈ ಜುಮುಗುಡುವುದು: ಇವನ್ನು ನಮ್ಮ ಊರಿನ ವೈದ್ಯರಿಗೆ ಹೇಗೆ ಹೇಳಬೇಕು?
೫. ನಮ್ಮ ಅಜ್ಜ, ಅಜ್ಜಿಯರು ಸೇವಿಸುವ ಮಾತ್ರೆಗಳು ಯಾವುವು? ಅವುಗಳ ಪಟ್ಟಿ ಎಲ್ಲಿದೆ?

ಐದನೆಯ ಪ್ರಶ್ನೆಗೆ ಉತ್ತರ ತಿಳಿಯದಿದ್ದರೆ ಉಳಿದ ನಾಲ್ಕು ತಿಳಿದಿದ್ದೂ ಪ್ರಯೋಜನವಿಲ್ಲ. ನೆರೆಮನೆಯ ಆ ಮಾತೆಯವರು ಈಗ ವೈದ್ಯರನ್ನೂ ಗುರುಗಳನ್ನೂ ಕೇಳಿ, ಹರಿದಿನದಂದು ಅವರು ವಿಧಿಸಿದಂತೆ ಹಾಲು, ಹಣ್ಣುಗಳನ್ನು ಸ್ವೀಕರಿಸುತ್ತಾರೆ. ಅವರ ಮಾತ್ರೆಗಳ ಪಟ್ಟಿಯನ್ನು ಮೊಮ್ಮಗನು ಕನ್ನಡದಲ್ಲಿಯೂ ಊರಭಾಷೆಯಲ್ಲಿಯೂ ಬರೆದು ದೇವರ ಮನೆಯ ಪಂಚಾಂಗದೊಳಗೆ ಇಟ್ಟಿದ್ದಾನೆ. ಕನ್ನಡದ ಅಕ್ಷರಗಳನ್ನು ಅವನು ಕಲಿತದ್ದು ಆ ಪಟ್ಟಿಯನ್ನು ಬರೆಯುವ ಸಲುವಾಗಿಯೇ.

ಸಾಧನಕ್ಕಾಗಿ ಶ್ರೀಹರಿಯು ದಯಪಾಲಿಸಿದ ಈ ದೇಹವನ್ನು ತಿಳಿ��ು ಕಾಪಾಡುವ ಬುದ್ಧಿಯನ್ನು ಶ್ರೀಹರಿವಾಯುಗುರುಗಳು ನಮ್ಮೆಲ್ಲರಿಗೂ ಕೊಡಲಿ.

ಶ್ರೀಕೃಷ್ಣಾರ್ಪಣಮಸ್ತು.